ಮಟಮಟ ಮಧ್ಯಾಹ್ನಕ್ಕೂ ದೆವ್ವ ಬರುತ್ತದೆ

ಕನ್ನಡದ ದೆವ್ವದ ಸಿನಿಮಾಕ್ಕೆ ಮಂಜು ಬೇಕೇ ಬೇಕು ಎಂಬುದು ಯಾವಾಗಲೋ ಕಟ್ಟಳೆಯಾಗಿಬಿಟ್ಟಿದೆ. ಮಡಿಕೇರಿಯದೋ ಸಕಲೇಶಪುರದ್ದೋ ಒಂದು ಎಸ್ಟೇಟ್ ಬಂಗಲೆ, ಹೆಂಚಿನ ಮೇಲೆ ಸುರಿಯುವ ಮಳೆ, ಜೀಪಿನ ಹೆಡ್‌ಲೈಟಿಗೆ ಅಡ್ಡ ಬರುವ ಬಿಳಿ ಸೀರೆ, ಇಷ್ಟಿದ್ದರೆ ಅರ್ಧ ಸಿನಿಮಾ ಮುಗಿದ ಹಾಗೆ. ಮೇ ತಿಂಗಳಲ್ಲಿ 42–43 ಡಿಗ್ರಿ ಕಾಯುವ ಕಲಬುರಗಿಯಲ್ಲಿ ಈ ಸರಂಜಾಮು ಯಾವುದೂ ಸಿಗುವುದಿಲ್ಲ. ಹಾಗಾಗಿ ಇಲ್ಲಿ ನಾಲ್ಕು ಜನ ಗೆಳೆಯರು ಕೈಯಿಂದ ದುಡ್ಡು ಹಾಕಿ ಹಾರರ್ ಸಿನಿಮಾ ತೆಗೆಯಲು ಹೊರಟರೆ ಮುಂದೆ ಎರಡೇ ದಾರಿ ಇದ್ದಂತೆ ತೋರುತ್ತದೆ. ಒಂದೋ, ಮದುವೆ ಸ್ಟೇಜಿನ ಹೊಗೆ ಮಷಿನ್ ಬಾಡಿಗೆಗೆ ತಂದು, ಬಿಸಿಲನ್ನು ಎಡಿಟಿಂಗ್‌ನಲ್ಲಿ ನೀಲಿಗೆ ತಿರುಗಿಸಿ, ಇಲ್ಲದ ಮಲೆನಾಡನ್ನು ಇಲ್ಲಿಯೇ ಹುಟ್ಟಿಸುವುದು. ಇಲ್ಲವೇ, ಕಥೆ ಗಟ್ಟಿ ಇದ್ದರೆ ನೋಟ ಹೇಗಿದ್ದರೂ ನಡೆದೀತು ಎಂದು ನಾಲ್ಕು ಗೋಡೆಯ ನಡುವೆ ಮಾತಿನಲ್ಲೇ ಹೆದರಿಸಲು ನೋಡುವುದು. ಕ್ಯಾಮೆರಾ ಹಿಡಿದವನು ಮೊದಲನೆಯದರ ಕಡೆ ವಾಲುತ್ತಾನೆ, ಪೆನ್ನು ಹಿಡಿದವನು ಎರಡನೆಯದರ ಕಡೆ. ನೋಟ ಮುಖ್ಯವೋ ಕಥೆ ಮುಖ್ಯವೋ ಎಂಬ ಈ ವಾಗ್ವಾದ ಸಣ್ಣ ಬಜೆಟ್ಟಿನ ಸಿನಿಮಾದವರು ಕೂತಲ್ಲೆಲ್ಲ ನಡೆಯುವಂಥದ್ದು. ಅದರಲ್ಲಿ ಪಕ್ಷ ಹಿಡಿಯುವ ಮೊದಲು ಪ್ರಶ್ನೆಯೇ ಸರಿಯಿದೆಯೇ ಎಂದು ನೋಡಬೇಕು.

ದುಡ್ಡಿರುವ ಸಿನಿಮಾದಲ್ಲಿ ಇವೆರಡೂ ಬೇರೆಬೇರೆಯಾಗಿ ಬದುಕಬಲ್ಲವು. ಕಥೆ ಸೊರಗಿದರೆ ಸೆಟ್ಟು, ಗ್ರಾಫಿಕ್ಸು, ತಾರೆಯರು ಹೆಗಲು ಕೊಡುತ್ತಾರೆ. ಸಣ್ಣ ಸಿನಿಮಾಕ್ಕೆ ಆ ಸವಲತ್ತಿಲ್ಲ. ಅಲ್ಲಿ ನೋಟವೂ ಕಥೆಯೂ ಒಂದೇ ತೀರ್ಮಾನದಿಂದ ಹುಟ್ಟಬೇಕಾಗುತ್ತದೆ ಎಂಬುದು ನನ್ನ ವಾದ. ಈ ಕಥೆಯಲ್ಲಿ ನೋಡುತ್ತಿರುವವರು ಯಾರು, ಅವರಿಗೆ ಎಲ್ಲಿಯವರೆಗೆ ಕಾಣುತ್ತದೆ, ಎಲ್ಲಿಂದ ಆಚೆ ಕಾಣುವುದಿಲ್ಲ, ಯಾಕೆ ಕಾಣುವುದಿಲ್ಲ ಎಂಬುದೇ ಆ ತೀರ್ಮಾನ. ಹೆದರಿಕೆ ಹುಟ್ಟುವುದು ಕಾಣದ ಭಾಗದಲ್ಲಿ. ಕಾಣದಿರುವುದಕ್ಕೆ ಕಥೆಯೊಳಗೇ ಕಾರಣ ಇದ್ದರೆ ನೋಡುಗ ಅದನ್ನು ನಂಬುತ್ತಾನೆ. ಕಾರಣವಿಲ್ಲದೆ ನಿರ್ದೇಶಕ ಬೇಕೆಂದೇ ಮರೆಮಾಡಿದ್ದಾನೆ ಅನಿಸಿದರೆ ಸೀಟಿನಲ್ಲಿ ಮೈ ಸಡಿಲಿಸಿ ಕೂತು, ಇನ್ನೇನು ಕಿರುಚುವ ಸಂಗೀತ ಬರುತ್ತದೆ ಎಂದು ಎಣಿಸತೊಡಗುತ್ತಾನೆ. ಯಾರಿಗೆ ಎಷ್ಟು ಕಾಣುತ್ತದೆ ಎಂಬ ಆ ತೀರ್ಮಾನವನ್ನು ನೋಟದ ಕಟ್ಟು ಎಂದು ಕರೆಯೋಣ. ಈ ಕಟ್ಟು ಬಿಗಿಯಾಗಿದ್ದಾಗ ಬಡತನವೇ ಶೈಲಿಯಾಗುತ್ತದೆ. ಸಡಿಲವಾಗಿದ್ದಾಗ ಶೈಲಿಯೂ ಬಡತನದಂತೆಯೇ ಕಾಣುತ್ತದೆ.

ಕನ್ನಡದಲ್ಲೇ ಇದಕ್ಕೆ ಸಾಕ್ಷಿಯಿದೆ. 2013ರ ನವೆಂಬರಿನಲ್ಲಿ ತೆರೆಗೆ ಬಂದ ಕೆ.ಎಸ್. ಅಶೋಕ ಅವರ ‘6-5=2’ ಸಿನಿಮಾದಲ್ಲಿ ಜನಕ್ಕೆ ಗೊತ್ತಿದ್ದ ಒಂದು ಮುಖವೂ ಇರಲಿಲ್ಲ. ಚಾರಣಕ್ಕೆ ಹೋದ ಆರು ಜನ ತಮ್ಮ ಕ್ಯಾಮೆರಾದಲ್ಲಿ ತಾವೇ ಚಿತ್ರಿಸಿಕೊಂಡದ್ದು ಆಮೇಲೆ ಸಿಕ್ಕಿತು ಎಂಬ ಒಂದೇ ಒಪ್ಪಂದದ ಮೇಲೆ ಇಡೀ ಸಿನಿಮಾ ನಿಂತಿತ್ತು. ಚಿತ್ರ ಅಲುಗಾಡುತ್ತಿತ್ತು, ಬೆಳಕು ಸಾಲುತ್ತಿರಲಿಲ್ಲ, ಮುಖಗಳು ಚೌಕಟ್ಟಿನಿಂದ ಅರ್ಧ ಆಚೆ ಹೋಗುತ್ತಿದ್ದವು. ಬೇರೆ ಸಿನಿಮಾದಲ್ಲಿ ಇವೆಲ್ಲ ತಪ್ಪು ಎನಿಸಿಕೊಳ್ಳುತ್ತಿದ್ದವು. ಇಲ್ಲಿ ಒಪ್ಪಂದದ ಭಾಗವಾದವು. ಈ ಉಪಾಯ ಹೊಸದೇನಲ್ಲ. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಇದನ್ನು ಲೋಕಕ್ಕೆಲ್ಲ ಪರಿಚಯಿಸಿತ್ತು, ಅಲ್ಲೂ ನಟರೇ ಕ್ಯಾಮೆರಾ ಹಿಡಿದಿದ್ದರು. ಆದರೂ ಕನ್ನಡದ ಪ್ರೇಕ್ಷಕ ‘6-5=2’ ಅನ್ನು ನಕಲು ಎಂದು ತಳ್ಳಿಹಾಕಲಿಲ್ಲ. ಮರುವರ್ಷವೇ ಹಿಂದಿಗೂ ಹೋಯಿತು. 2016ರಲ್ಲಿ ಪವನ್ ಕುಮಾರ್ ಅವರ ‘ಯು ಟರ್ನ್’ ಬಂದಾಗ ಕಾಡೂ ಇರಲಿಲ್ಲ, ಬಂಗಲೆಯೂ ಇರಲಿಲ್ಲ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವರು ಡಿವೈಡರಿನ ಕಲ್ಲು ಸರಿಸಿ ಅಡ್ಡದಾರಿಯಲ್ಲಿ ತಿರುಗಿಸಿಕೊಳ್ಳುವುದು, ಅದನ್ನು ವರದಿ ಮಾಡಲು ಹೊರಟ ಹುಡುಗಿಯೊಬ್ಬಳು ಗಾಡಿ ನಂಬರುಗಳ ಪಟ್ಟಿ ಇಟ್ಟುಕೊಳ್ಳುವುದು, ಪಟ್ಟಿಯಲ್ಲಿರುವವರು ಒಬ್ಬೊಬ್ಬರಾಗಿ ಸಾಯುವುದು. ದಿನವೂ ಲಕ್ಷ ಜನ ಓಡಾಡುವ ಜಾಗದ ಒಂದು ಕಲ್ಲಿಗೆ ಭಯ ಅಂಟಿಸಿದ ಆ ಕಥೆ ಮಲಯಾಳ, ತಮಿಳು, ತೆಲುಗು, ಹಿಂದಿಗೆಲ್ಲ ಹೋಯಿತು. ಫ್ಲೈಓವರ್ ಇಲ್ಲದ ಊರು ಈಗ ಯಾವುದಿದೆ?

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. 2015ರ ‘ರಂಗಿತರಂಗ’ ಮಂಜಿನಿಂದಲೇ ಗೆದ್ದಿತಲ್ಲವೇ? ಅನೂಪ್ ಭಂಡಾರಿಯವರ ಆ ಮೊದಲ ಸಿನಿಮಾ ಜುಲೈ 3ರಂದು ಬಂತು. ವಾರ ಕಳೆಯುವುದರೊಳಗೆ ‘ಬಾಹುಬಲಿ’ ಎದುರಿಗೆ ನಿಂತಿತು. ಪರದೆಗಳಿಗಾಗಿ ಪರದಾಡಬೇಕಾದ ಸ್ಥಿತಿಯಲ್ಲೂ ಬಾಯಿಂದ ಬಾಯಿಗೆ ಹರಡಿ ಉಳಿದುಕೊಂಡಿತು. ಅದರ ಚೆಂದದ ನೋಟಕ್ಕೆ ಆ ಗೆಲುವಿನಲ್ಲಿ ದೊಡ್ಡ ಪಾಲಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ನೋಟ ತುಳುನಾಡಿನ ಭೂತದ ಮುಖವಾಡ, ಪಾಡ್ದನದ ಧಾಟಿ, ಹೊರಗಿನಿಂದ ಬಂದವರಿಗೆ ಊರು ಬಾಯಿ ಬಿಡದಿರುವ ರೀತಿ ಇವುಗಳ ಜೊತೆಗೆ ಬೆಸೆದುಕೊಂಡಿತ್ತು. ಮಂಜು ಅಲ್ಲಿ ಊರಿನ ಮೌನದ ಇನ್ನೊಂದು ರೂಪ. ಆಮೇಲೆ ಬಂದ ಎಷ್ಟೋ ಸಿನಿಮಾಗಳು ಮಂಜನ್ನಷ್ಟೇ ಎತ್ತಿಕೊಂಡವು, ಊರನ್ನು ಅಲ್ಲೇ ಬಿಟ್ಟವು. ಟ್ರೇಲರ್ ಚೆನ್ನಾಗಿ ಬಂತು, ಸಿನಿಮಾ ಬರಲಿಲ್ಲ. ಹಾಗಾಗಿ ಕಲಬುರಗಿಯವರು ‘ರಂಗಿತರಂಗ’ದಿಂದ ಕಲಿಯುವುದಿದ್ದರೆ ಅದರ ಬಣ್ಣ ಕಲಿಯಬಾರದು, ತನ್ನ ನೆಲಕ್ಕೆ ಅದು ಕಚ್ಚಿಕೊಂಡ ಬಗೆ ಕಲಿಯಬೇಕು.

ನೆಲದಿಂದಲೇ ಸಿನಿಮಾ ಹುಟ್ಟಿದ ಉದಾಹರಣೆಗಳು ಹೊರಗೂ ಇವೆ. ಅಮೆರಿಕದ ಕಾನ್ಸಾಸ್‌ನಲ್ಲಿ ಕಾರ್ಖಾನೆಗಳಿಗೂ ಶಾಲೆಗಳಿಗೂ ತಿಳಿವಳಿಕೆ ಚಿತ್ರ ಮಾಡಿಕೊಂಡಿದ್ದ ಹರ್ಕ್ ಹಾರ್ವಿ, ಸಾಲ್ಟ್ ಲೇಕ್ ಬಳಿ ಪಾಳುಬಿದ್ದ ಸಾಲ್ಟೇರ್ ಎಂಬ ಹಳೆಯ ವಿಹಾರಮಂಟಪವನ್ನು ಕಂಡು, ಅದಕ್ಕೊಂದು ಕಥೆ ಬರೆಸಿ, 1962ರಲ್ಲಿ ‘ಕಾರ್ನಿವಲ್ ಆಫ್ ಸೋಲ್ಸ್’ ತಂದ. ಜಾಗ ಮೊದಲು ಸಿಕ್ಕಿತು, ಕಥೆ ಆಮೇಲೆ ಬಂತು. ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ್ದು 1974ರ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’. ಟೋಬಿ ಹೂಪರ್ ಅದನ್ನು ಹಿಂದಿನ ವರ್ಷದ ಟೆಕ್ಸಾಸ್ ಬೇಸಿಗೆಯಲ್ಲಿ, 16 ಎಂಎಂ ಫಿಲ್ಮಿನಲ್ಲಿ, ಸುಡುವ ಬಿಸಿಲಲ್ಲಿ ತೆಗೆದ. ಹೆಸರು ಕೇಳಿದವರು ರಕ್ತದ ಹೊಳೆ ಹರಿದೀತು ಎಂದುಕೊಳ್ಳುತ್ತಾರೆ. ಪರದೆಯ ಮೇಲೆ ಕಾಣುವ ರಕ್ತ ನಿಜಕ್ಕೂ ಬಹಳ ಕಡಿಮೆ. ಕಾಣುವುದು ಬೆವರು, ಧೂಳು, ಒಣಗಿದ ಹುಲ್ಲು, ಕಣ್ಣು ಬಿಡಲಾಗದ ಬೆಳಕು. ಅದರ ಅತ್ಯಂತ ಭಯಾನಕ ಗಳಿಗೆಯೊಂದು ನಡುಹಗಲಲ್ಲಿ, ತೆರೆದ ಬಾಗಿಲ ಎದುರು ನಡೆಯುತ್ತದೆ. ಹಗಲಿಗೆ ಹೆದರಿಸುವ ತಾಕತ್ತಿಲ್ಲ ಎನ್ನುವವರು ಆ ಬಾಗಿಲನ್ನು ಒಮ್ಮೆ ನೋಡಬೇಕು.

ಕಲಬುರಗಿಯ ಹಗಲೂ ಅಂಥದೇ. ಚೈತ್ರ ಕಳೆದರೆ ಹನ್ನೆರಡರಿಂದ ನಾಲ್ಕರವರೆಗೆ ಓಣಿಗಳು ಬಿಕೋ ಎನ್ನುತ್ತವೆ, ಅಂಗಡಿಯ ಷಟರ್ ಅರ್ಧಕ್ಕೆ ಇಳಿದಿರುತ್ತದೆ, ಬೇವಿನ ನೆರಳಿನ ನಾಯಿ ಕೂಡ ತಲೆ ಎತ್ತುವುದಿಲ್ಲ. ಮಟಮಟ ಮಧ್ಯಾಹ್ನ ಹುಣಸೆಗಿಡದ ಕೆಳಗೆ ಹೋಗಬ್ಯಾಡ ಎಂದು ಮಕ್ಕಳನ್ನು ತಡೆದ ಅಜ್ಜಿಯರು ಈ ಸೀಮೆಯಲ್ಲಿ ಬೇಕಾದಷ್ಟು. ನಡುರಾತ್ರಿಯಷ್ಟೇ ನಡುಹಗಲೂ ಹೊತ್ತಲ್ಲದ ಹೊತ್ತು ಎಂಬ ನಂಬಿಕೆ ಇಲ್ಲಿ ಹಳೆಯದು. ಸಿನಿಮಾದವರು ಅದನ್ನು ಮುಟ್ಟಿಲ್ಲ, ಅಷ್ಟೇ. ಇದರಲ್ಲಿ ಲೆಕ್ಕದ ಮಾತೂ ಇದೆ. ರಾತ್ರಿಯ ಹೊರಾಂಗಣ ಚಿತ್ರೀಕರಣ ಎಂದರೆ ಜನರೇಟರು, ದೊಡ್ಡ ಲೈಟುಗಳು, ಅವನ್ನು ಎತ್ತಿ ಇಳಿಸುವ ಜನ, ರಾತ್ರಿ ಭತ್ಯೆ, ಊಟ. ಸಣ್ಣ ಸಿನಿಮಾದ ದುಡ್ಡು ಸೋರುವುದೇ ಅಲ್ಲಿ. ಸೂರ್ಯ ಬಾಡಿಗೆ ಕೇಳುವುದಿಲ್ಲ.

ಆದರೆ ನೆತ್ತಿಯ ಬಿಸಿಲು ಕ್ಯಾಮೆರಾಕ್ಕೆ ಶತ್ರು, ಕಣ್ಣಗುಳಿಯಲ್ಲಿ ಕಪ್ಪು ನೆರಳು ಬಿದ್ದು ಮುಖ ಕೆಡುತ್ತದೆ ಎಂದು ಛಾಯಾಗ್ರಾಹಕರು ಹೇಳುತ್ತಾರೆ. ನಿಜ, ಬಿಸಿಲಲ್ಲಿ ನಿಂತು ತೆಗೆದರೆ ಹಾಗೆಯೇ ಆಗುತ್ತದೆ. ಆದ್ದರಿಂದ ಒಳಗೆ ನಿಂತು ತೆಗೆಯಬೇಕು. ಈ ಭಾಗದ ಹಳೆಯ ಮನೆಗಳ ಗೋಡೆ ದಪ್ಪ, ಬಾಗಿಲು ಗಿಡ್ಡ, ಕಿಟಕಿ ಕಡಿಮೆ, ನೆಲಕ್ಕೆ ಶಹಾಬಾದ್ ಕಲ್ಲು. ನಡುಮನೆಯಲ್ಲಿ ಕ್ಯಾಮೆರಾ ಇಟ್ಟು ಒಳಗಿನ ಮಬ್ಬಿಗೆ ಬೆಳಕಿನ ಅಳತೆ ಹೊಂದಿಸಿದರೆ ಬಾಗಿಲಾಚೆಯ ಬೀದಿ ಪೂರ್ತಿ ಸುಟ್ಟು ಬೆಳ್ಳಗಾಗುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಬೀದಿ ಇರುವುದಿಲ್ಲ, ಎದುರುಮನೆ ಇರುವುದಿಲ್ಲ, ಬರೀ ಬಿಳುಪು. ಅದರೊಳಗಿಂದ ಯಾರೋ ಬರುತ್ತಾರೆ. ಮೊದಲು ಕಾಣುವುದು ಅಂಚು ಕರಗಿದ ಒಂದು ಕಪ್ಪು ಆಕಾರ. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟ ಮೇಲಷ್ಟೇ ಮುಖ. ಒಳಗೆ ಕೂತ ಮುದುಕಿಗೆ ಆ ಎರಡು ಹೆಜ್ಜೆಗಳ ಹೊತ್ತು ಬಂದವನು ಮಗನೋ ಬೇರೆಯವನೋ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಹತ್ತಾರು ಲಕ್ಷದ ಕ್ಯಾಮೆರಾ ಒಳಗಿನ ಮಬ್ಬನ್ನೂ ಹೊರಗಿನ ಬಿಸಿಲನ್ನೂ ಒಟ್ಟಿಗೆ ಹಿಡಿದು ಈ ಆಟ ಕೆಡಿಸಿಬಿಡಬಹುದು. ಅಗ್ಗದ ಕ್ಯಾಮೆರಾಕ್ಕೆ ಅಷ್ಟು ಶಕ್ತಿಯಿಲ್ಲ, ಹಾಗಾಗಿ ಇಲ್ಲಿ ಅದೇ ವಾಸಿ. ಇದರಲ್ಲಿ ಶೈಲಿ ಎಲ್ಲಿ ಮುಗಿಯಿತು, ಕಥೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಬಿಸಿಲಿಂದ ಬಂದವರ ಮುಖ ತಡವಾಗಿ ತಿಳಿಯುತ್ತದೆ ಎಂಬುದು ನೋಟದ ಕಟ್ಟು, ಆ ತಡದಲ್ಲಿ ಏನಾಗುತ್ತದೆ ಎಂಬುದು ಕಥೆ.

ಈ ಊರಲ್ಲಿ ಕ್ಯಾಮೆರಾ ಹಿಡಿದವರ ಕಣ್ಣು ಮೊದಲು ಹೋಗುವುದು ಕೋಟೆಗೆ. ಬಹಮನಿಗಳ ಕಾಲದ ಕೋಟೆ, ಅದರೊಳಗೆ 1367ರ ಜಾಮಿ ಮಸೀದಿ. ಅಂಗಳವೇ ಇಲ್ಲದಂತೆ ಪೂರ್ತಿ ಮೇಲೆ ಹೊದಿಸಿದ ಕಟ್ಟಡ ಅದು. ಒಳಗೆ ಕಮಾನಿನ ಹಿಂದೆ ಕಮಾನು ಸಾಲುಗಟ್ಟಿ, ದೂರ ಹೋದಂತೆ ಬೆಳಕು ಇಂಗುತ್ತದೆ. ಸ್ವಲ್ಪ ಆಚೆ ಸುಲ್ತಾನರ ಗೋರಿಗಳ ಹಫ್ತ್ ಗುಂಬಜ್. ಡ್ರೋನ್ ಹಾರಿಸಿ ಮೇಲಿಂದ ತೋರಿಸಿದರೆ ಮೈ ಜುಮ್ಮೆನ್ನುತ್ತದೆ, ಒಂದು ಸಲ. ಪುರಾತತ್ವ ಇಲಾಖೆಯ ಅನುಮತಿ, ಶುಲ್ಕ, ಷರತ್ತುಗಳ ಮಾತು ಹಾಗಿರಲಿ, ಡ್ರೋನು ಯಾರ ಕಣ್ಣು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಕಥೆಯ ಯಾವ ಮನುಷ್ಯನೂ ಅಲ್ಲಿಂದ ನೋಡುತ್ತಿಲ್ಲ. ಮೇಲಿಂದ ನೋಡಿದವನಿಗೆ ಎಲ್ಲವೂ ಕಾಣುತ್ತದೆ, ಎಲ್ಲ ಕಂಡವನಿಗೆ ಹೆದರಿಕೆ ಎಲ್ಲಿಯದು? ಇನ್ನೊಂದು ಮಾತನ್ನೂ ಹೇಳಬೇಕು. ಗುಂಬಜ್ ಕಂಡೊಡನೆ ದೆವ್ವ ನೆನೆಯುವುದು ಸೋಮಾರಿ ಕಲ್ಪನೆ. ಎಲ್ಲ ಜಾತಿ ಧರ್ಮದವರೂ ಬಂದೇ ನವಾಜರ ದರ್ಗಾಕ್ಕೆ ನಡೆದುಕೊಳ್ಳುವ ಊರಲ್ಲಿ ಗೋರಿ ಎಂದರೆ ಹರಕೆಯ ಜಾಗ. ಅದನ್ನು ಬರೀ ಹೆದರಿಕೆಯ ಸೆಟ್ಟು ಮಾಡಿದರೆ ಊರಿನ ಪ್ರೇಕ್ಷಕನೇ ನಂಬುವುದಿಲ್ಲ.

ಕೋಟೆಗಿಂತ ಒಳ್ಳೆಯ ಸೆಟ್ಟು ಹುಮನಾಬಾದ್ ರಸ್ತೆಯ ಮೇಲೆ, ಕಮಲಾಪುರದಲ್ಲಿದೆ. ಜಿಐ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು ಅದು. ಈ ತಳಿ ಆಳೆತ್ತರವನ್ನು ಎಷ್ಟೋ ಮೀರಿ ಬೆಳೆಯುತ್ತದೆ, ಕಾಂಡಕ್ಕೂ ಕೆಂಪು ಛಾಯೆ ಇರುತ್ತದೆ, ಒಣಗಿದ ಎಲೆ ಕೆಳಗೆ ಜೋತುಬಿದ್ದಿರುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುವುದು ಉತ್ತರ ಕರ್ನಾಟಕದ ರೈತರಿಗೆಲ್ಲ ಗೊತ್ತಿರುವ ಸಂಗತಿ. ಪಾಳಿ ರಾತ್ರಿಗೆ ಬಿದ್ದರೆ ಒಬ್ಬನೇ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕು. ದೆವ್ವ ಇರಲಿ ಬಿಡಲಿ, ಹಾವಿನ ಭಯವಂತೂ ಇದ್ದೇ ಇದೆ. ಈಗ ಇದನ್ನು ಸಿನಿಮಾದ ಕಣ್ಣಿನಿಂದ ನೋಡಿ. ಬ್ಯಾಟರಿಯ ಬೆಳಕು ಒಂದು ಸಾಲಿಗಷ್ಟೇ ಬೀಳುತ್ತದೆ, ಅಕ್ಕಪಕ್ಕದ ಸಾಲು ಕತ್ತಲು. ಬೆಳಕಿನ ಖರ್ಚು ಒಂದು ಬ್ಯಾಟರಿಯದು, ಅದನ್ನೂ ಪಾತ್ರವೇ ಹಿಡಿದಿದೆ. ಮೋಟಾರ್ ಚಾಲೂ ಮಾಡುವ ಮೊದಲು ಅವನಿಗೆ ಕಾಣುವುದು ಕಡಿಮೆಯಾದರೂ ಕೇಳುವುದೆಲ್ಲ ಕೇಳುತ್ತದೆ. ಎಲೆ ಎಲೆಗೆ ತಾಗಿದ್ದು, ಕಾಲಡಿಯ ಸದ್ದು, ದೂರದ ಲಾರಿ. ಸ್ಟಾರ್ಟರ್ ಡಬ್ಬಿಯ ಗುಂಡಿ ಒತ್ತಿದ ಗಳಿಗೆಯಿಂದ ಮೋಟಾರಿನ ಗದ್ದಲದಲ್ಲಿ ಏನೂ ಕೇಳುವುದಿಲ್ಲ. ಹಿಂದೆ ಯಾರು ಬಂದು ನಿಂತರೂ ಗೊತ್ತಾಗದು. ನಡುವೆ ಕರೆಂಟು ಹೋದರೆ ಮೌನ ಒಮ್ಮೆಲೇ ವಾಪಸು ಬರುತ್ತದೆ, ಆ ಮೌನದಲ್ಲಿ ಮೊದಲು ಕೇಳಿಸುವ ಸದ್ದು ಯಾವುದು ಎಂಬುದರ ಮೇಲೆ ಇಡೀ ದೃಶ್ಯ ನಿಲ್ಲುತ್ತದೆ. ಇದಕ್ಕೆ ಸಂಗೀತ ಬೇಡ, ಗ್ರಾಫಿಕ್ಸ್ ಬೇಡ. ಕಮಲಾಪುರದ ತೋಟದವರಿಗೆ ಇದನ್ನು ವಿವರಿಸುವುದೂ ಬೇಡ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಕಥೆಯೇ ಇಲ್ಲದೆ ಬರೀ ನೋಟದಿಂದ ಗೆದ್ದ ಸಿನಿಮಾ ಇಲ್ಲವೇ? ಇದೆ. ಕೆನಡಾದ ಕೈಲ್ ಎಡ್ವರ್ಡ್ ಬಾಲ್ 15,000 ಕೆನಡಿಯನ್ ಡಾಲರಿನಲ್ಲಿ, ತಾನು ಬೆಳೆದ ಮನೆಯಲ್ಲೇ ತೆಗೆದ ‘ಸ್ಕಿನಮರಿಂಕ್’ 2023ರ ಆರಂಭದಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದು 20 ಲಕ್ಷ ಡಾಲರಿನಷ್ಟು ಗಳಿಸಿತು. ರಾತ್ರಿ ಎದ್ದ ಎರಡು ಪುಟ್ಟ ಮಕ್ಕಳಿಗೆ ಅಪ್ಪ ಕಾಣುವುದಿಲ್ಲ, ಮನೆಯ ಬಾಗಿಲು ಕಿಟಕಿಗಳೂ ಮಾಯವಾಗುತ್ತಿವೆ. ಕಥೆ ಎಂದರೆ ಅಷ್ಟೇ. ಉಳಿದದ್ದು ಕಾಳುಕಾಳಾದ ಕತ್ತಲೆ, ಸೂರಿನ ಮೂಲೆ, ಟಿವಿಯ ಮಿಣುಕು. ನೋಡಿದವರು ಎರಡು ಪಾಲಾದರು. ಕೆಲವರು ನಿದ್ದೆಗೆಟ್ಟರು, ಕೆಲವರು ಥಿಯೇಟರಿನಲ್ಲೇ ನಿದ್ದೆ ಹೋದರು. ಇಬ್ಬರ ಮಾತೂ ಸರಿ. ಆ ಸಿನಿಮಾ ಹಿಡಿದಷ್ಟು ಹೊತ್ತು ಹಿಡಿದದ್ದು ಅದರ ನೋಟಕ್ಕೆ ಕಟ್ಟು ಇದ್ದುದರಿಂದ. ನಾಲ್ಕು ವರ್ಷದ ಮಗುವಿನ ಎತ್ತರಕ್ಕೆ ಮನೆ ಹೇಗೆ ಕಾಣುತ್ತದೋ ಕ್ಯಾಮೆರಾ ಅಲ್ಲೇ ಇರುತ್ತದೆ, ದೊಡ್ಡವರ ಮುಖ ಅದಕ್ಕೆ ಎಟುಕುವುದಿಲ್ಲ. ಅದು ಸೋತದ್ದು ಉದ್ದದಲ್ಲಿ. ಅರ್ಧ ಗಂಟೆಗೆ ಸಾಕಾಗುವ ಸಂಗತಿಯನ್ನು ನೂರು ನಿಮಿಷ ಎಳೆಯಿತು. ನೋಟದ ಕಟ್ಟು ಭಯ ಹುಟ್ಟಿಸಬಲ್ಲದು, ಆ ಭಯ ಬೆಳೆಯಬೇಕಾದರೆ ಕಥೆ ಬೇಕೇ ಬೇಕು.

ಹಾಗಾದರೆ ಕಥೆಯವರು ಗೆದ್ದರೇ? ಅವರು ಕಥೆ ಎಂದು ಕರೆಯುವುದನ್ನು ನೋಡಿದರೆ ಹಾಗೆ ಹೇಳಲು ಮನಸ್ಸು ಬಾರದು. ನಮ್ಮ ದೆವ್ವದ ಸಿನಿಮಾಗಳಲ್ಲಿ ಕಥೆ ಎಂದರೆ ಬಹುಪಾಲು ಇಂಟರ್‌ವಲ್ ನಂತರದ ಫ್ಲ್ಯಾಶ್‌ಬ್ಯಾಕ್. ದೆವ್ವ ಬದುಕಿದ್ದಾಗ ಎಷ್ಟು ಒಳ್ಳೆಯವಳಿದ್ದಳು, ಯಾರು ಮೋಸ ಮಾಡಿದರು, ಹೇಗೆ ಕೊಂದರು, ನಡುವೆ ಒಂದು ಹಾಡು. ಇಪ್ಪತ್ತು ನಿಮಿಷದ ಈ ಜೀವನಚರಿತ್ರೆ ಮುಗಿಯುವ ಹೊತ್ತಿಗೆ ದೆವ್ವ ನಮ್ಮ ಮನೆಯವಳೇ ಆಗಿರುತ್ತಾಳೆ, ಅವಳ ಸೇಡು ತೀರಲಿ ಎಂದು ಚಪ್ಪಾಳೆ ತಟ್ಟುತ್ತೇವೆ. ಹೆದರಿಕೆಗೆ ಅಲ್ಲಿಗೆ ಮಂಗಳ. ಇದಕ್ಕಿಂತ 1979ರ ‘ನಾ ನಿನ್ನ ಬಿಡಲಾರೆ’ ಜಾಣತನ ತೋರಿಸಿತ್ತು. ಅನಂತನಾಗ್, ಲಕ್ಷ್ಮಿ ನಟಿಸಿದ ಆ ಸಿನಿಮಾದಲ್ಲಿ ದೆವ್ವಕ್ಕೆ ಒಂದು ಮೇರೆ ಇತ್ತು, ಆ ಮೇರೆ ರಾಘವೇಂದ್ರ ಸ್ವಾಮಿಗಳ ಮೇಲಿನ ಭಕ್ತಿ. ದೆವ್ವ ಎಲ್ಲಿಯವರೆಗೆ ಬರಬಲ್ಲದು, ಎಲ್ಲಿ ನಿಲ್ಲಬೇಕು ಎಂಬುದು ಪ್ರೇಕ್ಷಕನಿಗೆ ಮೊದಲೇ ಗೊತ್ತಿತ್ತು, ಮಂತ್ರಾಲಯದ ಆಸುಪಾಸಿನ ಈ ಸೀಮೆಯವರಿಗಂತೂ ಇನ್ನೂ ಚೆನ್ನಾಗಿ. ಆ ಮೇರೆಯತ್ತ ದೆವ್ವ ಒಂದೊಂದೇ ಹೆಜ್ಜೆ ಬರುವುದನ್ನು ಕಾಯುವುದರಲ್ಲಿ ಭಯವಿತ್ತು. ಕಥೆ ಎಂದರೆ ಆ ಕಾಯುವಿಕೆ.

ಧ್ವನಿಯ ವಿಷಯದಲ್ಲಿ ವಾದ ಮಾಡುವ ಅಗತ್ಯವೇ ಬೀಳಬಾರದು, ಆದರೂ ಬೀಳುತ್ತದೆ. ಕಲಬುರಗಿಯಲ್ಲಿ ತೆಗೆದು ಬೆಂಗಳೂರಿನ ಸ್ಟುಡಿಯೊದಲ್ಲಿ ಡಬ್ ಮಾಡಿಸಿದ ಕೂಡಲೇ ಬೀದರ್ ಗಡಿಯ ಮುದುಕಿ ಮೈಸೂರಿನವರಂತೆ ಮಾತಾಡತೊಡಗುತ್ತಾಳೆ. ‘ಒಳಗ ಯಾರರ ಅದಾರೇನ್ರೀ?’ ಎಂದು ಕತ್ತಲೆಗೆ ಕೇಳಿದ ಪ್ರಶ್ನೆಯಲ್ಲಿ ಭಯವೂ ಮರ್ಯಾದೆಯೂ ಒಟ್ಟಿಗಿವೆ, ಒಳಗಿರುವುದು ಏನೇ ಇರಲಿ ಅದಕ್ಕೊಂದು ‘ರೀ’ ಹಚ್ಚಿ ಕರೆಯುವ ರೂಢಿ ಅದು. ‘ಯಾರಿದ್ದೀರಿ ಅಲ್ಲಿ?’ ಎಂದಾಗ ಉಳಿಯುವುದು ಸಿನಿಮಾದ ಡೈಲಾಗು ಮಾತ್ರ. ಜಾಗದಲ್ಲೇ ಧ್ವನಿ ಹಿಡಿಯುವುದಕ್ಕೆ ಒಳ್ಳೆಯ ಮೈಕು, ಅದನ್ನು ಹಿಡಿದು ನಿಲ್ಲುವ ತಾಳ್ಮೆಯ ಮನುಷ್ಯ ಸಾಕು. ಹೊಗೆ ಮಷಿನಿಗೆ ಹಾಕುವ ದುಡ್ಡನ್ನು ಅಲ್ಲಿ ಹಾಕಲಿ.

ಕೊನೆಗೆ, ಈ ಜಿಲ್ಲೆಯಲ್ಲಿ ಹಾರರ್ ತೆಗೆಯುವವರು ಗಾಣಗಾಪುರವನ್ನು ತಪ್ಪಿಸಿಕೊಳ್ಳಲಾರರು. ಅಫಜಲಪುರ ತಾಲ್ಲೂಕಿನ ಆ ದತ್ತಾತ್ರೇಯ ಕ್ಷೇತ್ರಕ್ಕೆ ಗಾಳಿ ಸೋಕಿದೆ ಎಂದು ನಂಬಿದವರನ್ನು ಮಹಾರಾಷ್ಟ್ರ, ತೆಲಂಗಾಣದಿಂದಲೂ ಕರೆತರುತ್ತಾರೆ. ಮಧ್ಯಾಹ್ನದ ಮಂಗಳಾರತಿಯ ಹೊತ್ತಿಗೆ ಅವರಲ್ಲಿ ಕೆಲವರು ಚೀರುತ್ತಾರೆ, ಕಂಬ ಹಿಡಿದು ತೂಗಾಡುತ್ತಾರೆ. ಹಗಲು ಹೊತ್ತು, ನಿಜವಾದ ಜನ, ಖರ್ಚಿಲ್ಲದ ದೃಶ್ಯ. ಶೈಲಿಯವರಿಗೆ ಇದಕ್ಕಿಂತ ದೊಡ್ಡ ಆಮಿಷ ಇಲ್ಲ, ಇದಕ್ಕಿಂತ ದೊಡ್ಡ ತಪ್ಪೂ ಇಲ್ಲ. ದೆವ್ವ ಬಿಡಿಸುವ ಹೆಸರಿನ ಹಿಂಸೆಯನ್ನು ರಾಜ್ಯದ 2017ರ ಕಾಯ್ದೆ ನಿಷೇಧಿಸಿದೆ, 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಕಾಯ್ದೆ ಸಿನಿಮಾದವರ ಕೈ ಕಟ್ಟಿಹಾಕುತ್ತದೆ ಎಂದು ದೂರುವವರಿದ್ದಾರೆ. ಹಿಂಸೆ ಮಾಡಬಾರದು ಎಂದ ಮಾತ್ರಕ್ಕೆ ನೋವಿನ ಕಥೆ ಹೇಳಬಾರದು ಎಂದಾಗುವುದಿಲ್ಲ. ಯಾರು ನೋಡುತ್ತಿದ್ದಾರೆ ಎಂಬ ಪ್ರಶ್ನೆ ಇಲ್ಲಿ ಕಲೆಯದ್ದಷ್ಟೇ ಅಲ್ಲ, ನ್ಯಾಯದ್ದೂ ಹೌದು. ನೆರೆದ ಗುಂಪಿನ ನಡುವೆ ಕ್ಯಾಮೆರಾ ಇಟ್ಟರೆ ಚೀರುವ ಹೆಣ್ಣುಮಗಳು ತಮಾಷೆಯಾಗುತ್ತಾಳೆ. ಅವಳನ್ನು ರಾತ್ರಿ ಬಸ್ಸಿನಲ್ಲಿ ಕರೆತಂದು, ಅವಳ ಚಪ್ಪಲಿ ಕೈಯಲ್ಲಿ ಹಿಡಿದು ಕಂಬದ ಪಕ್ಕ ನಿಂತ ತಂಗಿಯ ಹತ್ತಿರ ಇಟ್ಟರೆ, ಇದು ದೆವ್ವವೋ ಕಾಯಿಲೆಯೋ, ನಾಳೆ ಇವಳನ್ನು ಊರಿಗೆ ಕರೆದೊಯ್ಯಬೇಕೋ ಕಲಬುರಗಿಯ ದವಾಖಾನೆಗೆ ತೋರಿಸಬೇಕೋ ಎಂಬ ತಂಗಿಯ ಭಯ ನಮ್ಮದಾಗುತ್ತದೆ. ಎರಡೂ ಕಡೆ ಕ್ಯಾಮೆರಾ ಅದೇ, ಬೆಳಕು ಅದೇ, ಬಜೆಟ್ಟೂ ಅದೇ.